ಕೈಗುಣವೋ, ಕಾವಿನ ಗುಣವೋ?



ಕಳೆದ ಸಂಕ್ರಾಂತಿಯ ದಿನಗಳಲ್ಲಿ ಚಿಕ್ಕಮಗಳೂರು ಸೀಮೆಯ ಒಂದು ಕಾಫಿ ತೋಟದ ಮನೆಯಲ್ಲಿ ಎರಡು ದಿನ ತಂಗುವ ಸಂದರ್ಭ ಒದಗಿತು. ಆ ಮನೆಗೂ ನಮಗೂ ಮೂರು ತಲೆಮಾರಿನ ಬಳಕೆ. ಮೊದಲ ದಿನ ಮಧ್ಯಾಹ್ನ ಊಟದ ಕೊನೆಗೆ ಬಡಿಸಿದ ಮೊಸರು ನೀರುನೀರಾಗಿತ್ತು. ಅರ್ಧ ಹಾಲು, ಅರ್ಧ ಮೊಸರು ಎಂಬಂತಿತ್ತು. ನಾನೇನೂ ಆಡಲಿಲ್ಲ. ಮನೆಯ ಹಿರಿಯ ತಾಯಿಯೇ ಸಂಕೋಚಪಟ್ಟು, "ಪಂಡಿತರೇ, ತಪ್ಪು ತಿಳಿಯಬೇಡಿ. ಈಚೆಗೆ ನಮ್ಮಲ್ಲಿ ಮೊಸರು ಹೆಪ್ಪುಗಟ್ಟುವುದೇ ಇಲ್ಲ. ಸೊಸೆಗೆ ಕೈಗುಣವಿಲ್ಲ" ಎಂದರು.

ಬಡಿಸುತ್ತಿದ್ದ ಹೆಣ್ಣುಮಗಳು ತಲೆ ತಗ್ಗಿಸಿಕೊಂಡು ಒಳಕ್ಕೆ ಹೋದಳು. ಆಕೆ ಕಲಬುರಗಿಯ ಕಡೆಯಿಂದ ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತಷ್ಟೆ. ತವರಿನಲ್ಲಿ ಹಲವು ವರ್ಷ ಮನೆಮಂದಿಗೆಲ್ಲ ಹೆಪ್ಪು ಹಾಕುತ್ತಿದ್ದವಳು ಆಕೆಯೇ ಎಂಬುದು ಆಮೇಲೆ ತಿಳಿಯಿತು. ಅಲ್ಲಿದ್ದ ಕೈಗುಣವು ಇಲ್ಲಿಗೆ ಬರುವ ದಾರಿಯಲ್ಲಿ ಎಲ್ಲಿ ಕಳೆದುಹೋಯಿತು?

ಮೊಸರು ಕೆಡುವುದು ಸಣ್ಣ ಸಂಗತಿ. ಆದರೆ ಹೊಸದಾಗಿ ಮನೆ ಸೇರಿದವಳು ಪ್ರತಿದಿನ ಬೆಳಗ್ಗೆ ಪಾತ್ರೆಯ ಮುಚ್ಚಳ ತೆಗೆಯುವಾಗ ಅಳುಕುವಂತಾದರೆ ಅದು ಸಣ್ಣ ಸಂಗತಿಯಲ್ಲ. ತನ್ನದಲ್ಲದ ತಪ್ಪನ್ನು ತನ್ನದೆಂದು ನಂಬಿಬಿಟ್ಟವರ ದುಃಖಕ್ಕೆ ಬೇರೆ ಮದ್ದಿಲ್ಲ. ನಿಜವಾದ ಕಾರಣವನ್ನು ಹುಡುಕಿ ಕಣ್ಣೆದುರಿಗೆ ಇಡುವುದೊಂದೇ ಮದ್ದು. ಈ ತಿಂಗಳ ಅಂಕಣವನ್ನು ಆ ಹುಡುಕಾಟಕ್ಕೆ ಮೀಸಲಿಟ್ಟಿದ್ದೇನೆ.

ಐದು ಬಟ್ಟಲುಗಳು

ಊಟವಾದ ಮೇಲೆ ಅಡುಗೆಮನೆಯನ್ನು ನೋಡಿದೆನು. ಮದುವೆಯ ಸಂದರ್ಭದಲ್ಲಿ ಹಳೆಯ ಕಟ್ಟಿಗೆಯ ಒಲೆಯನ್ನು ಕೀಳಿಸಿ, ಗ್ರಾನೈಟ್ ಕಲ್ಲಿನ ಕಟ್ಟೆ ಕಟ್ಟಿಸಿ, ಅದರ ಮೇಲೆ ಗ್ಯಾಸ್ ಒಲೆ ಇರಿಸಿದ್ದರು. ಅತ್ತೆಯವರು ಹೆಪ್ಪು ಹಾಕುತ್ತಿದ್ದ ಕಾಲದಲ್ಲಿ ಪಾತ್ರೆಯು ರಾತ್ರಿಯಿಡೀ ಒಲೆಯ ಪಕ್ಕದಲ್ಲಿ, ಬೂದಿ ಮುಚ್ಚಿದ ಕೆಂಡದ ಬಿಸುಪಿನಲ್ಲಿ ಕುಳಿತಿರುತ್ತಿತ್ತು. ಸೊಸೆ ಹಾಕತೊಡಗಿದ ಮೇಲೆ ಅದೇ ಪಾತ್ರೆ ಕಿಟಕಿಯ ಬಳಿಯ ತಣ್ಣನೆಯ ಕಲ್ಲಿನ ಮೇಲೆ ಕುಳಿತಿತ್ತು. ಹೆಪ್ಪು ಹಾಕುವ ಕೈ ಬದಲಾದಾಗಲೇ ಒಲೆಯೂ ಬದಲಾಗಿತ್ತು. ಎರಡು ಸಂಗತಿಗಳು ಏಕಕಾಲಕ್ಕೆ ಬದಲಾದಾಗ, ಕಣ್ಣಿಗೆ ಕಾಣುವ ಒಂದರ ಮೇಲೆಯೇ ದೋಷ ಹೊರಿಸುವುದು ಮನುಷ್ಯ ಸ್ವಭಾವ. ಕೈ ಕಾಣುತ್ತದೆ, ಕಾವು ಕಾಣುವುದಿಲ್ಲ.

"ತಾಯೀ, ಈ ಸಂಜೆ ಒಂದು ಪರೀಕ್ಷೆ ಮಾಡೋಣವೇ? ನೀವೂ ಹೆಪ್ಪು ಹಾಕಿ, ಸೊಸೆಯೂ ಹಾಕಲಿ" ಎಂದೆನು. ಅವರು ನಕ್ಕು ಒಪ್ಪಿದರು. ರಜೆಗೆಂದು ಬಂದಿದ್ದ ಅವರ ಮಗಳ ಮಗ, ಒಂಬತ್ತನೆಯ ತರಗತಿಯ ಹುಡುಗ, ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಕೊಂಡಿದ್ದ ಗಾಜಿನ ಉಷ್ಣಮಾಪಕವನ್ನು ಹಿಡಿದು ಉತ್ಸಾಹದಿಂದ ಪಕ್ಕದಲ್ಲಿ ನಿಂತನು.

ಒಂದೇ ಪಾತ್ರೆಯಲ್ಲಿ ಕಾಯಿಸಿದ ಹಾಲನ್ನು 40 ಡಿಗ್ರಿ ಸೆಲ್ಸಿಯಸ್‌ಗೆ ಆರಿಸಿ, ಒಂದೇ ಅಳತೆಯ ನಾಲ್ಕು ಸ್ಟೀಲ್ ಬಟ್ಟಲುಗಳಿಗೆ ಒಂದೊಂದು ಲೋಟದಂತೆ ಸುರಿದೆವು. ಪಕ್ಕದ ತೋಟದ ಮನೆಯಿಂದ ತರಿಸಿದ ಗಟ್ಟಿ ಮೊಸರಿನಲ್ಲಿ ಒಂದೊಂದು ಚಮಚವನ್ನು ಅತ್ತೆಯವರು ಎರಡು ಬಟ್ಟಲುಗಳಿಗೂ ಸೊಸೆಯು ಎರಡು ಬಟ್ಟಲುಗಳಿಗೂ ಹಾಕಿ ಕಲಕಿದರು. ಅನಂತರ ಒಬ್ಬೊಬ್ಬರ ಒಂದೊಂದು ಬಟ್ಟಲನ್ನು ಕಲ್ಲಿನ ಕಟ್ಟೆಯ ಮೇಲೆ ಕಿಟಕಿಯ ಬಳಿ ಇರಿಸಿದೆವು. ಉಳಿದ ಎರಡನ್ನು ಹದವಾದ ಬಿಸಿನೀರು ತುಂಬಿದ ಅಗಲ ಪಾತ್ರೆಯೊಳಗೆ ನಿಲ್ಲಿಸಿ, ಮುಚ್ಚಿ, ಕಂಬಳಿ ಸುತ್ತಿ, ಹುಲ್ಲು ತುಂಬಿದ ಬುಟ್ಟಿಯಲ್ಲಿ ಹುದುಗಿಸಿದೆವು. ಹುಡುಗನು ಪ್ರತಿ ಬಟ್ಟಲಿಗೂ ಚೀಟಿ ಅಂಟಿಸಿದನು.

ಇಷ್ಟರಲ್ಲಿ ಸೊಸೆ ಮೆಲ್ಲನೆ ಒಂದು ಮಾತು ಹೇಳಿದಳು. ಮೊಸರು ಆಗುತ್ತಿಲ್ಲವೆಂಬ ಹೆದರಿಕೆಯಿಂದ ಕೆಲವು ದಿನ ಆಕೆ ಇನ್ನೂ ಹೊಗೆಯಾಡುವ ಹಾಲಿಗೇ ಹೆಪ್ಪು ಹಾಕಿ ನೋಡಿದ್ದಳಂತೆ, ಆಗಲೂ ಆಗಲಿಲ್ಲವಂತೆ. ಅದನ್ನೂ ಪರೀಕ್ಷಿಸೋಣವೆಂದು ಐದನೆಯ ಬಟ್ಟಲಿಗೆ 80 ಡಿಗ್ರಿಯ ಹಾಲು ಸುರಿದು, ಅದಕ್ಕೆ ಹೆಪ್ಪು ಹಾಕಿಸಿ, ಆಮೇಲೆ 40 ಡಿಗ್ರಿಗೆ ಆರಿಸಿ, ಬೆಚ್ಚಗಿನ ಬುಟ್ಟಿಯಲ್ಲಿಯೇ ಸೇರಿಸಿದೆವು.

ಇಲ್ಲಿ ಒಂದು ನಿಯಮವನ್ನು ಮಕ್ಕಳು ಮನನ ಮಾಡಿಕೊಳ್ಳಬೇಕು. ಪರೀಕ್ಷೆಯಲ್ಲಿ ಹಾಲು, ಹೆಪ್ಪು, ಬಟ್ಟಲು, ವೇಳೆ ಎಲ್ಲವೂ ಒಂದೇ ಆಗಿರಬೇಕು. ಯಾವುದನ್ನು ವಿಚಾರಿಸುತ್ತಿದ್ದೇವೆಯೋ ಅದು ಮಾತ್ರ ಬೇರೆಯಾಗಿರಬೇಕು. ಹಾಗಿಲ್ಲದಿದ್ದರೆ ಎಷ್ಟು ಬಟ್ಟಲು ಇಟ್ಟರೂ ನಿರ್ಣಯ ಹೊರಡುವುದಿಲ್ಲ.

ಕಾವು ಎಂದರೇನು?

ಬೆಳಗಾಗಲು ಇನ್ನೂ ಹತ್ತು-ಹನ್ನೊಂದು ತಾಸು. ಹುಡುಗನು ಪ್ರಶ್ನೆಗಳ ಮಳೆ ಸುರಿಸಿದನು. ಆ ರಾತ್ರಿ ನಾವು ಮಾಡಿದ ಕೆಲವು ಸುಲಭ ಪ್ರಯೋಗಗಳನ್ನು ವಾಚಕರೂ ಮನೆಯಲ್ಲಿ ಮಾಡಿ ನೋಡಬಹುದು.

ಎರಡು ಗಾಜಿನ ಲೋಟಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಇರಲಿ. ನೀರು ಅಲುಗಾಡದೆ ನಿಂತ ಮೇಲೆ ಒಂದೊಂದು ಹನಿ ಶಾಯಿಯನ್ನು ಬಿಡಿ. ತಣ್ಣೀರಿನಲ್ಲಿ ಶಾಯಿಯು ದಾರದಂತೆ ಇಳಿದು ಬಹಳ ಹೊತ್ತು ತಳದಲ್ಲಿ ನಿಲ್ಲುತ್ತದೆ. ಬಿಸಿನೀರಿನಲ್ಲಿ ಬೇಗ ಹರಡಿ ಇಡೀ ಲೋಟಕ್ಕೆ ಬಣ್ಣ ಬರುತ್ತದೆ. ಯಾರೂ ಕಲಕಲಿಲ್ಲ, ಹಾಗಾದರೆ ಹರಡಿದವರು ಯಾರು? ನೀರಿನ ಅಣುಗಳೇ. ಕಣ್ಣಿಗೆ ಕಾಣದ ಈ ಅಣುಗಳು ಎಡೆಬಿಡದೆ ಚಲಿಸುತ್ತ, ಒಂದಕ್ಕೊಂದು ತಾಕುತ್ತ, ಶಾಯಿಯ ಕಣಗಳನ್ನು ಎತ್ತೆತ್ತಲೋ ನೂಕುತ್ತಿರುತ್ತವೆ. ಬಿಸಿಯಾದಷ್ಟೂ ಅವುಗಳ ಚಡಪಡಿಕೆ ಹೆಚ್ಚು. ಬಿಸಿನೀರಿನೊಳಗೆ ಏಳುವ ಸಣ್ಣ ಹರಿವುಗಳೂ ಇದಕ್ಕೆ ನೆರವಾಗುತ್ತವೆ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿಯು ಸೂಕ್ಷ್ಮದರ್ಶಕದಡಿಯಲ್ಲಿ, ನೀರಿನಲ್ಲಿದ್ದ ಅತಿ ಸಣ್ಣ ಕಣಗಳು ನಿಲ್ಲದೆ ತತ್ತರಿಸುವುದನ್ನು ಕಂಡನು. ಅದು ಅಣುಗಳ ನೂಕಾಟದ ಫಲವೆಂಬುದನ್ನು 1905ರಲ್ಲಿ ಐನ್‌ಸ್ಟೈನರು ಲೆಕ್ಕ ಹಾಕಿ ತೋರಿಸಿದರು. ತಾಪಮಾನವೆಂದರೆ ಈ ಚಲನೆಯ ಅಳತೆ.

ಇಷ್ಟನ್ನು ಹಿಡಿದುಕೊಂಡರೆ ಪದಾರ್ಥಗಳ ಅನೇಕ ನಡತೆಗಳು ತಾವಾಗಿಯೇ ಅರ್ಥವಾಗುತ್ತವೆ. ಖಾಲಿ ಗಾಜಿನ ಬಾಟಲಿಯ ಬಾಯಿಗೆ ಬೆಲೂನು ಸಿಕ್ಕಿಸಿ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಬೆಲೂನು ಎದ್ದು ನಿಲ್ಲುತ್ತದೆ. ತಣ್ಣೀರಿಗೆ ಬದಲಿಸಿದರೆ ಕುಗ್ಗುತ್ತದೆ. ಒಳಗಿನ ಗಾಳಿ ಹೆಚ್ಚಲಿಲ್ಲ, ಅದೇ ಗಾಳಿಯ ಅಣುಗಳು ಹೆಚ್ಚು ಬಿರುಸಾಗಿ ತಾಕಿದವು, ಅಷ್ಟೆ. ಬಂಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ಕೂಡಲೇ ನೀರು ಹೊಯ್ಯುವ ಕಮ್ಮಾರನ ಕೆಲಸವನ್ನು ಹಿರಿಯರು ನೋಡಿರುತ್ತೀರಿ. ಕಾದು ಹಿಗ್ಗಿದ ಪಟ್ಟಿಯು ತಣಿದು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪುತ್ತದೆ. ಘನ, ದ್ರವ, ಅನಿಲ ಮೂರರಲ್ಲಿಯೂ ಕಾವಿಗೆ ಹಿಗ್ಗುವುದು ಸಾಮಾನ್ಯ ಗುಣ.

ನೀರು ಮಾತ್ರ ಒಂದೆಡೆ ಈ ನಿಯಮಕ್ಕೆ ಹೊರತು. 4 ಡಿಗ್ರಿಗಿಂತ ಕೆಳಗಿಳಿದಾಗ ಅದು ಕುಗ್ಗದೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಗಾತ್ರವು ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತದೆ. ಆದುದರಿಂದ ನೀರು ತುಂಬಿ ಮುಚ್ಚಿದ ಗಾಜಿನ ಬಾಟಲಿಯನ್ನು ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಎಂದೂ ಇಡಕೂಡದು, ಅದು ಒಡೆಯುತ್ತದೆ.

ಅಲ್ಲಿಯೇ ಕಪಾಟಿನಲ್ಲಿದ್ದ ಕೊಬ್ಬರಿ ಎಣ್ಣೆಯ ಸೀಸೆಯನ್ನು ಹುಡುಗನಿಗೆ ತೋರಿಸಿದೆನು. ಎಣ್ಣೆಯು ಬೆಳ್ಳಗೆ ಗಟ್ಟಿಯಾಗಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಅದನ್ನು ಗಟ್ಟಿಯಾಗಿ ಕಾಣುವುದು ದುರ್ಲಭ. ಮಲೆನಾಡಿನ ಮಾಗಿಯಲ್ಲಿ ದ್ರವವಾಗಿ ಕಾಣುವುದು ದುರ್ಲಭ. "ಎಣ್ಣೆ ಗಟ್ಟಿಯಾದುದಕ್ಕೆ ನಿಮ್ಮ ಅತ್ತೆಯ ಕೈಗುಣ ಕಾರಣವೇನಪ್ಪ?" ಎಂದಾಗ ಅವನು ಜೋರಾಗಿ ನಕ್ಕನು. ಒಳಗಿನಿಂದಲೂ ಒಂದು ನಗೆ ಕೇಳಿಸಿತು.

ಕೈಯ ಸಾಕ್ಷಿ ನಂಬಲರ್ಹವೇ?

ಹುಡುಗನು ಕೇಳಿದ ಮುಂದಿನ ಪ್ರಶ್ನೆ ಸೊಗಸಾಗಿತ್ತು: "ತಾತ, ಕೈಯಿಂದ ಮುಟ್ಟಿ ನೋಡಿದರೆ ಸಾಲದೇ? ಉಷ್ಣಮಾಪಕ ಏಕೆ?"

ಮೂರು ಬೋಗುಣಿಗಳನ್ನು ತರಿಸಿದೆನು. ಎಡಗಡೆಯದರಲ್ಲಿ ತಣ್ಣೀರು, ಬಲಗಡೆಯದರಲ್ಲಿ ಕೈ ಸುಡದಷ್ಟು ಬಿಸಿನೀರು, ನಡುವೆ ಉಗುರುಬೆಚ್ಚಗಿನ ನೀರು. ಎಡಗೈಯನ್ನು ತಣ್ಣೀರಿನಲ್ಲಿಯೂ ಬಲಗೈಯನ್ನು ಬಿಸಿನೀರಿನಲ್ಲಿಯೂ ಒಂದು ನಿಮಿಷ ಇರಿಸಿಕೊಂಡು, ಅನಂತರ ಎರಡನ್ನೂ ನಡುವಿನ ಬೋಗುಣಿಯಲ್ಲಿ ಅದ್ದುವಂತೆ ಹೇಳಿದೆನು. ಒಂದೇ ನೀರು ಎಡಗೈಗೆ ಬಿಸಿಯಾಗಿಯೂ ಬಲಗೈಗೆ ತಣ್ಣಗೂ ತೋರಿತು. ಹುಡುಗನು ಬೆರಗಾದನು. ಕೈಗಳು ಅಳೆಯುವುದು ನೀರಿನ ಕಾವನ್ನಲ್ಲ, ತಮಗೂ ನೀರಿಗೂ ಇರುವ ವ್ಯತ್ಯಾಸವನ್ನು.

ಇನ್ನೊಂದು ಉದಾಹರಣೆ ಮುಂಜಾನೆಯದು. ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದ ಮರದ ಮಣೆಯನ್ನೂ ಸ್ಟೀಲ್ ಚೊಂಬನ್ನೂ ಮುಟ್ಟಿ ನೋಡಿ. ಚೊಂಬು ಹೆಚ್ಚು ತಣ್ಣಗೆ ತೋರುತ್ತದೆ. ಉಷ್ಣಮಾಪಕವನ್ನು ತಾಗಿಸಿ ನೋಡಿದರೆ ಎರಡೂ ಒಂದೇ. ಲೋಹವು ನಮ್ಮ ಬೆರಳಿನ ಉಷ್ಣವನ್ನು ಬೇಗ ಎಳೆದುಕೊಳ್ಳುತ್ತದೆ, ಮರವು ನಿಧಾನವಾಗಿ ಎಳೆದುಕೊಳ್ಳುತ್ತದೆ. ಕಲ್ಲಿನ ಕಟ್ಟೆಯ ಮೇಲಿಟ್ಟ ಹಾಲಿನ ಬಟ್ಟಲಿನ ಗತಿಯೂ ಇದೇ: ಕಲ್ಲು ಅದರ ಕಾವನ್ನು ಬೇಗ ಹೀರುತ್ತದೆ. ಕಂಬಳಿಯು ಕಾವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಹೋಗಗೊಡುವುದಿಲ್ಲ.

ಕೈಯ ಮಾತಿಗೆ ಮೇಲ್ಮನವಿ ಬೇಕಾದುದರಿಂದಲೇ ಮಾಪಕಗಳು ಹುಟ್ಟಿದವು. ಫ್ಯಾರನ್‌ಹೀಟ್ ತನ್ನ ಮಾನವನ್ನು 1724ರಲ್ಲಿ ಪ್ರಕಟಿಸಿದನು. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೂರು ಭಾಗಗಳ ಮಾನವನ್ನು ಸೂಚಿಸಿದನು. ವಿಚಿತ್ರವೆಂದರೆ ಆತನ ಮೂಲ ಮಾನದಲ್ಲಿ ನೀರು ಕುದಿಯುವ ಬಿಂದು ಸೊನ್ನೆ, ಹೆಪ್ಪುಗಟ್ಟುವ ಬಿಂದು ನೂರು ಆಗಿತ್ತು. ಆತನು ತೀರಿಕೊಂಡ ಬಳಿಕ ಅದನ್ನು ತಲೆಕೆಳಗು ಮಾಡಿ ಇಂದಿನ ರೂಪಕ್ಕೆ ತರಲಾಯಿತು.

ಬೆಳಗಿನ ತೀರ್ಪು

ಮರುದಿನ ಆರು ಗಂಟೆಗೆ ಎಲ್ಲರೂ ಅಡುಗೆಮನೆಯಲ್ಲಿ ನೆರೆದೆವು. ಕಿಟಕಿಯ ಬಳಿ ಉಷ್ಣಮಾಪಕವು 16 ಡಿಗ್ರಿ ತೋರಿಸುತ್ತಿತ್ತು. ಕಲ್ಲಿನ ಮೇಲಿದ್ದ ಎರಡು ಬಟ್ಟಲುಗಳಲ್ಲಿ ಹಾಲು ಹಾಲಾಗಿಯೇ ಇತ್ತು, ತುಸು ಮಂದವಾಗಿತ್ತು ಅಷ್ಟೆ. ಅತ್ತೆಯವರದೂ ಹಾಗೆಯೇ, ಸೊಸೆಯದೂ ಹಾಗೆಯೇ. ಕಂಬಳಿ ಬಿಚ್ಚಿದಾಗ ಬುಟ್ಟಿಯೊಳಗಿನ ಎರಡು ಬಟ್ಟಲುಗಳಲ್ಲಿ ಚಮಚ ನಿಲ್ಲುವಂತಹ ಗಟ್ಟಿ ಮೊಸರು. ಐದನೆಯದು, ಬಿಸಿ ಹಾಲಿಗೆ ಹೆಪ್ಪು ಹಾಕಿದ್ದು, ಬುಟ್ಟಿಯಲ್ಲೇ ಇದ್ದರೂ ಮೊಸರಾಗಿರಲಿಲ್ಲ.

ಹುಡುಗನಿಗೆ ತುಂಟತನ ಹೊಳೆಯಿತು. ಚೀಟಿಗಳನ್ನು ಕೈಯಿಂದ ಮುಚ್ಚಿಕೊಂಡು ಗಟ್ಟಿ ಮೊಸರಿನ ಎರಡು ಬಟ್ಟಲುಗಳನ್ನು ಮುಂದಿಟ್ಟು, "ಅಜ್ಜಿ, ನಿನ್ನದು ಯಾವುದು ಹೇಳು" ಎಂದನು. ಅವರು ಎರಡನ್ನೂ ರುಚಿ ನೋಡಿ, ತುಸು ಯೋಚಿಸಿ, ಒಂದನ್ನು ತೋರಿಸಿದರು. ಚೀಟಿ ತೆಗೆದಾಗ ಅದು ಸೊಸೆಯ ಹೆಸರಿನದಾಗಿತ್ತು. ಎರಡರಲ್ಲಿ ಒಂದನ್ನು ಆರಿಸುವಾಗ ಊಹೆಯೂ ಅರ್ಧ ಸಲ ತಪ್ಪುವುದು ಸಹಜ. ಅಷ್ಟರಿಂದಲೇ ಏನನ್ನೂ ಸಾಧಿಸಿದಂತಾಗದು. ಆದರೆ ನಾಲ್ಕು ಬಟ್ಟಲುಗಳ ಸಾಕ್ಷ್ಯ ನಿಸ್ಸಂದೇಹವಾಗಿತ್ತು. ಕೈ ಬದಲಾದರೂ ಫಲ ಬದಲಾಗಲಿಲ್ಲ. ಕಾವು ಬದಲಾದಾಗ ಫಲ ಬದಲಾಯಿತು.

ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ತಣ್ಣಗಿದ್ದ ಎರಡು ಬಟ್ಟಲುಗಳನ್ನು ಹೊಸದಾಗಿ ಬಿಸಿನೀರು ತುಂಬಿದ ಬುಟ್ಟಿಗೆ ವರ್ಗಾಯಿಸಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಅವೂ ಮೊಸರಾದವು. ಐದನೆಯದು ಮಾತ್ರ ಆಗಲೇ ಇಲ್ಲ. ಇದರಲ್ಲಿ ಮುಖ್ಯವಾದ ಪಾಠವಿದೆ. ಮೊಸರನ್ನು ಮಾಡುವವು ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು. ಅವು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಹುಳಿಗೆ ಹಾಲಿನ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಸುಮಾರು 30ರಿಂದ 45 ಡಿಗ್ರಿಯವರೆಗೆ ಅವು ಚುರುಕಾಗಿರುತ್ತವೆ. ತಂಪಿನಲ್ಲಿ ಅವು ಸಾಯುವುದಿಲ್ಲ, ನಿಧಾನಿಸುತ್ತವೆ. ಕಾವು ಮರಳಿದರೆ ಕೆಲಸ ಮುಂದುವರಿಯುತ್ತದೆ. ಅತಿಯಾದ ಬಿಸಿಯಲ್ಲಾದರೋ ಸಾಯುತ್ತವೆ. ಆಮೇಲೆ ಎಷ್ಟು ಕಂಬಳಿ ಹೊದಿಸಿದರೂ ವ್ಯರ್ಥ. ದೋಸೆಯ ಹಿಟ್ಟು ಮಾಗಿಯಲ್ಲಿ ಉಬ್ಬದಿರುವುದಕ್ಕೂ ಇದೇ ಕಾರಣ.

ಹತ್ತು ಡಿಗ್ರಿಯ ಮಹಿಮೆ

ಈಗ ಪ್ರಶ್ನೆ: ಕೆಲವೇ ಡಿಗ್ರಿಗಳ ವ್ಯತ್ಯಾಸದಿಂದ ಇಷ್ಟು ದೊಡ್ಡ ಪರಿಣಾಮವೇಕೆ?

ಜೀವಿಗಳನ್ನು ಬದಿಗಿಟ್ಟು ಶುದ್ಧ ರಾಸಾಯನಿಕ ಕ್ರಿಯೆಯೊಂದನ್ನು ನೋಡೋಣ. ನೀರಿಗೆ ಹಾಕಿದೊಡನೆ ಗುಳ್ಳೆಯೆಬ್ಬಿಸಿ ಕರಗುವ ಮಾತ್ರೆಗಳು ಔಷಧಿ ಅಂಗಡಿಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಅಡುಗೆ ಸೋಡ ಮತ್ತು ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲ ಇರುತ್ತವೆ. ನೀರು ಸೇರಿದಾಗ ಎರಡೂ ವರ್ತಿಸಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತವೆ. ಮೂರು ಲೋಟಗಳಲ್ಲಿ ಸಮನಾಗಿ ಮಂಜಿನ ನೀರು, ಸಾಧಾರಣ ನೀರು, ಬಿಸಿನೀರು ತೆಗೆದುಕೊಂಡು, ಒಂದೇ ಗಾತ್ರದ ಮಾತ್ರೆಯನ್ನು ಒಂದೊಂದಕ್ಕೂ ಹಾಕಿ, ಗುಳ್ಳೆ ನಿಲ್ಲುವವರೆಗಿನ ಕಾಲವನ್ನು ಗಡಿಯಾರ ನೋಡಿ ಬರೆದಿಡಿ. ಬಿಸಿನೀರಿನಲ್ಲಿ ಮಾತ್ರೆ ಎಲ್ಲಕ್ಕಿಂತ ಬೇಗ ಮುಗಿದುಹೋಗುತ್ತದೆ. ಮಂಜಿನ ನೀರಿನಲ್ಲಿ ಅದಕ್ಕಿಂತ ಹಲವು ಪಟ್ಟು ಹೊತ್ತು ಹಿಡಿಯುತ್ತದೆ.

ಸಾಧಾರಣ ತಾಪಮಾನದ ಆಸುಪಾಸಿನಲ್ಲಿ ಅನೇಕ ಕ್ರಿಯೆಗಳ ವೇಗವು 10 ಡಿಗ್ರಿ ಏರಿದರೆ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನವಿಜ್ಞಾನಿಗಳ ಸ್ಥೂಲ ಲೆಕ್ಕ. ಡಚ್ ವಿಜ್ಞಾನಿ ವ್ಯಾಂಟ್ ಹಾಫ್ 1884ರಲ್ಲಿ ಕಾವಿಗೂ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ವಿವೇಚಿಸಿದನು. 1901ರಲ್ಲಿ ರಸಾಯನವಿಜ್ಞಾನದ ಪ್ರಪ್ರಥಮ ನೊಬೆಲ್ ಬಹುಮಾನ ಪಡೆದವನು ಈತನೇ. ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ಅದರ ಒಳಗುಟ್ಟನ್ನು ಬಿಡಿಸಿ ಹೇಳಿದನು.

ಒಳಗುಟ್ಟು ಹೀಗಿದೆ. 27 ಡಿಗ್ರಿಯಿಂದ 37 ಡಿಗ್ರಿಗೆ ಏರಿಸಿದಾಗ ಅಣುಗಳ ಸರಾಸರಿ ವೇಗವು ನೂರಕ್ಕೆ ಎರಡರಷ್ಟೂ ಹೆಚ್ಚುವುದಿಲ್ಲ. ಹಾಗಿದ್ದರೂ ಕ್ರಿಯೆಯು ಇಮ್ಮಡಿಯಾಗುವುದು ಹೇಗೆ? ಜಾತ್ರೆಯ ಹೆಬ್ಬಾಗಿಲಿಗೆ ಎತ್ತರವಾಗಿ ಕಟ್ಟಿದ ಮಾವಿನ ತೋರಣವನ್ನು ನೆನೆದುಕೊಳ್ಳಿ. ನೂರು ಮಂದಿ ಹುಡುಗರು ಜಿಗಿಜಿಗಿದು ಅದನ್ನು ಮುಟ್ಟಲೆಳಸುತ್ತಾರೆ. ಮುಟ್ಟಬಲ್ಲವರು ಮೂವರೇ. ಪ್ರತಿಯೊಬ್ಬನೂ ಎರಡು ಬೆರಳಿನಷ್ಟೇ ಹೆಚ್ಚು ಜಿಗಿದನೆನ್ನಿ. ಸ್ವಲ್ಪದರಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಇನ್ನೂ ಮೂವರಿಗೆ ತೋರಣ ಎಟುಕುತ್ತದೆ. ಜಿಗಿತ ಹೆಚ್ಚಿದ್ದು ಅತ್ಯಲ್ಪ, ಮುಟ್ಟಿದವರು ಇಮ್ಮಡಿ. ಅಣುಗಳು ಒಂದಕ್ಕೊಂದು ತಾಕಿದ ಮಾತ್ರಕ್ಕೆ ಕ್ರಿಯೆ ನಡೆಯುವುದಿಲ್ಲ. ಒಂದು ನಿರ್ದಿಷ್ಟ ಎತ್ತರದ ಶಕ್ತಿಯ ತಡೆಯನ್ನು ದಾಟಬಲ್ಲವುಗಳಿಗೆ ಮಾತ್ರ ಅದು ಸಾಧ್ಯ. ಕಾವು ಆ ಸಮರ್ಥರ ಸಂಖ್ಯೆಯನ್ನು ಹೆಚ್ಚಿಸುತ್ತದೆ.

ಅಡುಗೆಮನೆಯ ಕುಕ್ಕರು ಈ ನಿಯಮದ ಪ್ರತ್ಯಕ್ಷ ನಿದರ್ಶನ. ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಾಕಿದರೂ ಅದರ ಬಿಸಿ ಏರುವುದಿಲ್ಲ. ಕೊಟ್ಟ ಉಷ್ಣವೆಲ್ಲ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಆದಕಾರಣ ಕುದಿ ಬಂದ ಮೇಲೆ ಉರಿ ತಗ್ಗಿಸಿದರೂ ಬೇಳೆ ಅಷ್ಟೇ ಹೊತ್ತಿಗೆ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ. ಸುಮಾರು 300 ಮೀಟರ್ ಮೇಲೇರಿದಂತೆಲ್ಲ ಒಂದೊಂದು ಡಿಗ್ರಿ ತಗ್ಗುತ್ತದೆ. ಮಂಗಳೂರಿನಲ್ಲಿ 100, ಬೆಂಗಳೂರಿನಲ್ಲಿ ಸುಮಾರು 97, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 94ರ ಆಸುಪಾಸು. ತೋಟದ ಆ ಮನೆಯಲ್ಲಿ ತೊಗರಿಬೇಳೆ ತವರಿನಲ್ಲಿಯಷ್ಟು ಬೇಗ ತೆರೆದ ಪಾತ್ರೆಯಲ್ಲಿ ಬೇಯದಿದ್ದರೆ ಅದೂ ಸೊಸೆಯ ತಪ್ಪಲ್ಲ. ಕುಕ್ಕರಿನೊಳಗೆ ಆವಿಯನ್ನು ಒತ್ತಿ ಹಿಡಿಯುವುದರಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. 20 ಡಿಗ್ರಿ ಹೆಚ್ಚೆಂದರೆ ಎರಡು ಸಲ ಇಮ್ಮಡಿ, ಅಂದರೆ ಸುಮಾರು ನಾಲ್ಕು ಪಟ್ಟು ವೇಗ. ಇಂತಹ ಪಾತ್ರೆಯನ್ನು ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿಯು 1679ರಷ್ಟು ಹಿಂದೆಯೇ ರೂಪಿಸಿದ್ದನು.

ಕಾವು ಕ್ರಿಯೆಯನ್ನು ಬದಲಿಸುವಂತೆ ಕ್ರಿಯೆಯೂ ಕಾವನ್ನು ಬದಲಿಸುತ್ತದೆ. ಅಂಗೈಯಲ್ಲಿ ಲೋಟ ಹಿಡಿದು ನಿಂಬೆರಸಕ್ಕೆ ಅಡುಗೆ ಸೋಡ ಹಾಕಿ ನೋಡಿ, ನೊರೆಯೇಳುತ್ತ ತಣ್ಣಗಾಗುತ್ತದೆ. ಯೂರಿಯಾ ಗೊಬ್ಬರವನ್ನು ನೀರಿನಲ್ಲಿ ಕರಗಿಸುವ ರೈತರಿಗೆ ಬಕೆಟ್ಟು ತಣ್ಣಗಾಗುವುದು ಗೊತ್ತು. ಇದಕ್ಕೆ ವಿರುದ್ಧವಾದುದು ಸುಟ್ಟ ಸುಣ್ಣದ ಹರಳು. ಅದಕ್ಕೆ ನೀರು ಬಿದ್ದರೆ ನೀರೇ ಕುದಿಯುವಷ್ಟು ಬಿಸಿ ಏಳುತ್ತದೆ, ಸುಣ್ಣ ಸಿಡಿಯುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಈ ಪ್ರಯೋಗವನ್ನು ಮಕ್ಕಳ ಕೈಗೆ ಎಂದಿಗೂ ಕೊಡಕೂಡದು.

ತಂಪಿನಲ್ಲಿ ಕಾಯಬೇಕಾದವು

ವೇಗವನ್ನು ಹೆಚ್ಚಿಸಲು ಕಾವು ಹೇಗೋ, ತಡೆಯಲು ತಂಪು ಹಾಗೆ. 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟ ಹಾಲು ಕೆಡುವುದೇ ಇಲ್ಲವೆಂದು ಕೆಲವರು ಭಾವಿಸುತ್ತಾರೆ. ಅದು ನಿಧಾನವಾಗಿ ಕೆಡುತ್ತದೆ, ಅಷ್ಟೆ. ನಿನ್ನೆಯ ಅನ್ನವನ್ನು ಅರ್ಧ ದಿನ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ ಸೇರಿಸಿದರೆ, ಆ ಅರ್ಧ ದಿನದಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಅಲ್ಲಿಯೇ ಇರುತ್ತವೆ.

ಔಷಧಗಳ ವಿಷಯದಲ್ಲಂತೂ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಮಕ್ಕಳ ಲಸಿಕೆಗಳಲ್ಲಿ ಬಹುಪಾಲನ್ನು 2ರಿಂದ 8 ಡಿಗ್ರಿಯೊಳಗೆ ಕಾಪಾಡಬೇಕು. ಪೋಲಿಯೊ ಹನಿಯ ಸೀಸೆಯ ಮೇಲೆ ಒಂದು ವೃತ್ತವೂ ಅದರೊಳಗೆ ಒಂದು ಚೌಕವೂ ಇರುವುದನ್ನು ಗಮನಿಸಿದ್ದೀರಾ? 1996ರಿಂದ ಬಳಕೆಗೆ ಬಂದ ಈ ಗುರುತು ನಾವು ಹೇಳುತ್ತಿರುವ ನಿಯಮದಿಂದಲೇ ಕೆಲಸ ಮಾಡುತ್ತದೆ. ಚೌಕಕ್ಕೆ ಹಚ್ಚಿದ ರಾಸಾಯನಿಕವು ಕಾವಿಗೆ ತಕ್ಕಂತೆ ಬೇಗನೆಯೋ ನಿಧಾನವಾಗಿಯೋ ಕಪ್ಪಾಗುತ್ತ ಹೋಗುತ್ತದೆ. ಚೌಕವು ವೃತ್ತಕ್ಕಿಂತ ತಿಳಿಯಾಗಿದ್ದರೆ ಕಾವಿನಿಂದ ಲಸಿಕೆ ಕೆಟ್ಟಿಲ್ಲವೆಂದರ್ಥ. ವೃತ್ತದಷ್ಟೇ ಕಪ್ಪಾದರೆ ಬಳಸಬಾರದು. ಮನೆಯಲ್ಲಿ ಮಧುಮೇಹಿಗಳಿದ್ದರೆ ಇನ್ಸುಲಿನ್ ಬಗ್ಗೆಯೂ ಎಚ್ಚರವಿರಲಿ. ತೆರೆಯದ ಸೀಸೆಗಳನ್ನು ಫ್ರಿಜ್ಜಿನಲ್ಲಿಡಬೇಕು, ಆದರೆ ಮಂಜಿನ ಖಾನೆಯಲ್ಲಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಹಾಲು ಕಾಯ್ದುಕೊಳ್ಳುವ ಹದವೇ ಬೇರೆ, ಮೊಸರಿನ ಹದವೇ ಬೇರೆ, ಔಷಧದ ಹದವೇ ಬೇರೆ.

ಮಗುವಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುವುದು ತಾಯಿಯ ವಾತ್ಸಲ್ಯ, ಅದು ಇರಲಿ. ಆದರೆ ಒಲೆಯ ಮುಂದಿನಿಂದ ಎದ್ದು ಬಂದ ಬಿಸಿ ಕೈಗೆ ಜ್ವರದ ಹಣೆಯೂ ತಣ್ಣಗೆ ತೋರಬಹುದು. ಮೂರು ಬೋಗುಣಿಗಳ ಪ್ರಯೋಗವನ್ನು ನೆನೆದು, ಉಷ್ಣಮಾಪಕವನ್ನಿಟ್ಟು ನೋಡಿಯೇ ನಿರ್ಧರಿಸಿ. ಪಾದರಸವಿಲ್ಲದ ಅಂಕಿಯ ಮಾಪಕಗಳು ಈಗ ಎಲ್ಲೆಡೆ ದೊರೆಯುತ್ತವೆ.

ಹೊರಡುವ ಮುನ್ನ

ಎರಡನೆಯ ದಿನ ಸಂಜೆ ನಾನು ಹೊರಟು ನಿಂತಾಗ ಆ ಹಿರಿಯ ತಾಯಿ ಒಂದು ಹಳೆಯ ಕಂಬಳಿಯ ತುಂಡನ್ನು ಮಡಿಸಿ ಸೊಸೆಯ ಕೈಗಿತ್ತು, "ಇದು ಮೊಸರಿಗೆ ಇರಲಮ್ಮ. ಕಲ್ಲಿನ ಮೇಲೆ ಇಡಬೇಡ" ಎಂದರು. ಕೈಗುಣದ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಅತ್ತೆ, ನಾಳೆ ನೀವೂ ಬಂದು ಹದ ನೋಡಿ ಹೇಳಿ" ಎಂದು ಆಕೆ ಅಂದಾಗ ಆ ದನಿಯಲ್ಲಿ ಅಳುಕಿರಲಿಲ್ಲ. ಹುಡುಗನು ಐದು ಬಟ್ಟಲುಗಳ ಲೆಕ್ಕವನ್ನು ಕಾಗದದಲ್ಲಿ ಪಟ್ಟಿ ಮಾಡಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದನು.

ವಾಚಕರೇ, ಮನೆಯಲ್ಲಿ ಯಾವುದಾದರೊಂದು ಕೆಲಸ ಕೆಟ್ಟಾಗ "ಯಾರ ಕೈ?" ಎಂದು ಕೇಳುವ ಮುನ್ನ "ಏನು ಬದಲಾಗಿದೆ?" ಎಂದು ಕೇಳಿ ನೋಡಿ. ಐದು ಬಟ್ಟಲು, ಒಂದು ಕಂಬಳಿ, ಒಂದು ರಾತ್ರಿಯ ತಾಳ್ಮೆ ಇದ್ದರೆ ಸಾಕು. ಈ ಪರೀಕ್ಷೆಯನ್ನು ಮಕ್ಕಳಿಂದ ಮಾಡಿಸಿ, ನಿಮ್ಮೂರಿನ ತಾಪಮಾನದೊಡನೆ ಫಲವನ್ನು ಬರೆದು ಕಳುಹಿಸಿದರೆ ಸಂತೋಷ. ಬೇಸಗೆ ಬರಲಿದೆ, ಆಗ ಮೊಸರು ಬೇಗ ಹುಳಿಯಾಯಿತೆಂದು ಮತ್ತೆ ಯಾರ ಕೈಯನ್ನೂ ದೂರದಿರಿ.

ಮುಂದಿನ ತಿಂಗಳು ಮಣ್ಣಿನ ಗಡಿಗೆಯ ನೀರು ತಾನಾಗಿಯೇ ತಣ್ಣಗಾಗುವುದು ಹೇಗೆ ಎಂಬುದನ್ನು ವಿಚಾರಿಸೋಣ.